ಗೌರವಪೂರ್ವಕ ಫೆಡ್ ಅಪ್

ಬೈಲಹೊಂಗಲದಾಗ ಮೂವತ್ತು ವರ್ಷದಿಂದ ಬೀಜ-ಗೊಬ್ಬರದ ಅಂಗಡಿ ಇಟ್ಟೇನ್ರಿ. ಹೊಲಕ್ಕ ಹೊಡಿಯೋ ಎಣ್ಣಿ ಡಬ್ಬಿ ಮ್ಯಾಲಿನ ಇಂಗ್ಲಿಷ್ ಅಷ್ಟೂ ಓದೇನಿ. ಹಿಂಗಾಗಿ ನನ್ನ ಇಂಗ್ಲಿಷ್ ಬಗ್ಗೆ ನನಗ ಎಳ್ಳಷ್ಟೂ ಸಂಶಯ ಇರಲಿಲ್ಲ. ಸಂಶಯ ಇದ್ದದ್ದು ನನ್ನ ಹೆಂಡತಿಗೆ. ಆಕಿ ನೇಸರಗಿ ಸಾಲ್ಯಾಗ ಇಂಗ್ಲಿಷ್ ಟೀಚರ್!

ಆಕಿ ಮಗಳ ಬಾಣಂತನಕ್ಕ ರಾಮದುರ್ಗಕ್ಕ ಹೋದ್ಲು. ನಾಕು ದಿನಕ್ಕ ನನಗ ಚಿಕೂನ್‌ಗುನ್ಯಾ ಬಂತು. ಕೀಲು ಕೀಲು ಹಿಡದು ನೀರಿನ ತಂಬಿಗಿ ಎತ್ತಾಕೂ ಆಗಲಿಲ್ಲ. ಹೇಳಿದ್ರ ಹಸಗೂಸು ಬಿಟ್ಟು ಓಡಿ ಬರತಾಳ ಅಂತ ಹೆಂಡತಿ ಮುಂದ ಬಾಯಿ ಬಿಡಲಿಲ್ಲ. ಆಗ ನನ್ನ ಉಳಿಸಿದವರು ನಮ್ಮದ ಕೆಳಗಿನ ಮನಿಯಾಗ ತಾಯಿ ಜೋಡಿ ಬಾಡಿಗಿಗೆ ಇರೋ ಬ್ಯಾಂಕಿನ ಮೇಡಮ್ಮಾರು. ಒಡಿಶಾದವರು. ಹತ್ತು ದಿನ, ಎರಡೂ ಹೊತ್ತು, ಮೆತ್ತಗಿನ ಅನ್ನ, ಪಪ್ಪಾಯಿಕಾಯಿ ಹಾಕಿದ ಬ್ಯಾಳಿ ಮ್ಯಾಲೆ ತಂದು ಕೊಟ್ರು. ಒಡಹುಟ್ಟಿದವರೂ ಇಷ್ಟು ಮಾಡೂದಿಲ್ರಿ.

ಎದ್ದು ಕುಂತ ಮ್ಯಾಲೆ ಥ್ಯಾಂಕ್ಸ್ ಹೇಳಬೇಕಲ್ಲ? ಅಂಗಡಿ ಹಿಂದಿ ನನಗ ಬರತೈತಿ. ಆದ್ರ ಇಂಥಾ ಉಪಕಾರಕ್ಕ ಅಂಗಡಿ ಹಿಂದಿ ಸಾಲದು. ಇಂಗ್ಲಿಷೇ ಆಗಬೇಕು! ಫೆಡ್ ಅಂದ್ರ ಉಣಿಸಿದ್ದು. ಅಪ್ ಅಂದ್ರ ಮ್ಯಾಲೆ, ಅಂದ್ರ ಕುತ್ತಿಗಿತನಕ. ಕಂಪ್ಲೀಟ್ಲಿ ಅಂದ್ರ ಸಂಪೂರ್ಣ. ಮೂರೂ ಕೂಡಿಸಿ ವಾಟ್ಸಾಪಿನ್ಯಾಗ ಬಿಟ್ನಿ: "ಮೇಡಂ, ಐ ಆ್ಯಮ್ ಕಂಪ್ಲೀಟ್ಲಿ ಫೆಡ್ ಅಪ್ ವಿತ್ ಯೂ!"

ನೀಲಿ ಗೀಟು ಬಿದ್ದುವು. ಉತ್ತರ ಬರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿನೂ ಬರಲಿಲ್ಲ.

ಥ್ಯಾಂಕ್ಸ್ ಭಾಳ ಸಣ್ಣದಾತು ಅಂತ ತಿಳಕೊಂಡ್ನಿ. ದಿನಾ ಮುಂಜಾನೆ ಮೇಡಮ್ಮಾರು ತುಳಸಿಗೆ ನೀರು ಹಾಕೂ ಮುಂದ ನಾನು ಮ್ಯಾಲಿಂದ ಬಗ್ಗಿ ನೋಡಿ ಕೈ ಮುಗೀತೇನಿ. ಆ ಭಕ್ತಿನೂ ಅವರಿಗೆ ಗೊತ್ತಾಗಲಿ ಅಂತ ಬರದ್ನಿ: "ಎವ್ರಿ ಮಾರ್ನಿಂಗ್ ಐ ರೆಸ್ಪೆಕ್ಟ್‌ಫುಲಿ ಲುಕ್ ಡೌನ್ ಆನ್ ಯೂ!"

ಈ ಸಲ ಉತ್ತರ ಬಂತು. "ಸಾರಿ ಸರ್. ವಿ ವಿಲ್ ವೆಕೇಟ್ ದ ಹೌಸ್."

ಹೆಂಡತಿಗೆ ಫೋನ್ ಹಚ್ಚಿ ಜ್ವರದ್ದು, ಊಟದ್ದು, ಮೆಸೇಜಿಂದು ಎಲ್ಲಾ ಒದರಿದ್ನಿ. ಅತ್ತಾಗಿಂದ ಮೊದಲ ಕೂಸು ಅತ್ತಿತು. ಆಮ್ಯಾಲೆ ಹೆಂಡತಿ ಶುರು ಮಾಡಿದ್ಲು.

"ಅಲ್ರೀ, ಫೆಡ್ ಅಪ್ ವಿತ್ ಯೂ ಅಂದ್ರ ನಿಮ್ಮಿಂದ ಬ್ಯಾಸತ್ತು ಹೋಗೇನಿ ಅಂತ! ಮ್ಯಾಲೆ ಕಂಪ್ಲೀಟ್ಲಿ ಬ್ಯಾರೆ!"

"ಮತ್ತ ಲುಕ್ ಡೌನ್ ಆನ್?"

"ಕೀಳಾಗಿ ಕಾಣೂದು! ನೀವು ದಿನಾ ಮುಂಜಾನೆ ಅವರನ್ನ ಗೌರವಪೂರ್ವಕವಾಗಿ ಕೀಳಾಗಿ ಕಾಣತೀರಿ! ಕ್ರಿಯಾಪದದ ಹಿಂದ ಒಂದು ಸಣ್ಣ ಶಬ್ದ ಬಂದು ನಿಂತ್ರ ಅರ್ಥನ ಬ್ಯಾರೆ ಆಗತೈತಿ ಅಂತ ನನ್ನ ಸಾಲಿ ಹುಡುಗೂರಿಗೂ ಗೊತ್ತೈತ್ರಿ. ಇನ್ನೊಂದು ಅಕ್ಷರ ಬರದೀರಿ, ಜ್ವಾಕಿ!"

ಫೋನ್ ಕಟ್ಟಾತು. ಅನ್ನ ಹಾಕಿದವರಿಗೆ ಇಂಥಾ ಮಾತು ಅಂದೆನಲ್ಲಾ! ಗ್ವಾಡಿ ಹಿಡಕೊಂಡು ಒಂದೊಂದ ಪಾವಟಿಗಿ ಕೆಳಗಿಳದ್ನಿ. ಮೇಡಮ್ಮಾರು ಬಾಗಲಾ ತಗದ್ರು. ಕಣ್ಣಾಗ ನೀರು! ಅದನ್ನ ನೋಡಿ ನನಗ ಇಂಗ್ಲಿಷು, ಹಿಂದಿ ಎರಡೂ ಮರತು ಹೋದುವು. ಕೈ ಮುಗದು ಕನ್ನಡದಾಗ ಅಂದ್ನಿ:

"ಯವ್ವಾ, ನೀವು ಇರದಿದ್ರ ನಾ ಉಳೀತಿದ್ದಿಲ್ಲ. ನಿಮ್ಮ ಋಣ ಭಾಳ ದೊಡ್ಡದೈತ್ರಿ. ತಪ್ಪಾತು. ಮನಿ ಬಿಡಬ್ಯಾಡ್ರಿ."

ಅಷ್ಟು ಅಂದು ತಲಿ ಎತ್ತಿದ್ನಿ.

ಆಮ್ಯಾಲೆ ನೋಡಿದ್ರ ಅವರ ಕಿವಿಗೆ ಫೋನ್ ಇತ್ತು. ಅತ್ತಾಗ ನನ್ನ ಹೆಂಡತಿ! ನಾನು ಪಾವಟಿಗಿ ಇಳಿಯೂದರಾಗ ಆಕಿ ಎಲ್ಲಾ ಬಿಡಿಸಿ ಹೇಳಿ ಮುಗಿಸಿದ್ಲು. ಮೇಡಮ್ಮಾರ ಕಣ್ಣಾಗಿನ ನೀರು ಅತ್ತಿದ್ದಲ್ಲ, ನಕ್ಕಿದ್ದು. ಅವರು ಫೋನಿನ್ಯಾಗ ಹೇಳಿಸಿಕೊಂಡು, ಒಂದೊಂದ ಶಬ್ದ ಕೂಡಿಸಿ, ನನಗ ಅಂದ್ರು:

"ಕುಂದರ್ರಿ... ಊಟಾ ಮಾಡ್ರಿ... ಇಂಗ್ಲಿಷ್ ಬ್ಯಾಡ್ರಿ!"

ಅವರ ಕನ್ನಡದಾಗ ಒಂದೂ ತಪ್ಪಿರಲಿಲ್ಲ. ನಾನು ತೆಪ್ಪಗ ತಾಟಿನ ಮುಂದ ಕುಂತ್ನಿ.