ಮೊಮ್ಮಗಳ ಮಾತು, ಮಾವನ ಗಂಟಲು

ನಾನು ಕಾಲಿಟ್ಟ ಕಡೆ ಯಾರಾದರೊಬ್ಬರು ಎದೆ ಹಿಡಿದುಕೊಂಡು ಕೂರಲೇಬೇಕು, ನನ್ನ ಜಾತಕವೇ ಹಾಗೆ. ಊರಿಗಾಂನಲ್ಲಿ ನನ್ನಂಥ ಮಾತುಗಾರ ಇನ್ನೊಬ್ಬನಿಲ್ಲ. ಫ್ಯಾಕ್ಟರಿಯ ಸೈರನ್ ಕೆಟ್ಟ ದಿನ ನನ್ನನ್ನೇ ಗೇಟಿಗೆ ನಿಲ್ಲಿಸಿ ಕೂಗಿಸಿದ್ದರು; ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅಂಥವನ ತಂಗಿಯ ಮಗಳಿಗೆ ಏಳು ವರ್ಷವಾದರೂ ಒಂದು ಮಾತಿಲ್ಲ. ಕಿವಿ ಚುರುಕು, ಕಣ್ಣು ಇನ್ನೂ ಚುರುಕು, ಬಾಯಿಂದ ಮಾತ್ರ ಮಾತು ಹೊರಡದು. ಅವಳಿಗೆ ಮಾತು ಕಲಿಸುವ ಜವಾಬ್ದಾರಿಯನ್ನು ನಾನೇ ಹೊತ್ತೆ. ಯಾರೂ ಹೊರಿಸಿರಲಿಲ್ಲ.

೧. ಒಂದು ಟೀ

ಆಂಡರ್ಸನ್‌ಪೇಟೆಯಲ್ಲಿ ಇಂಥ ಮಕ್ಕಳಿಗೆ ಚಿತ್ರದ ಕಾರ್ಡುಗಳಿಂದ ಮಾತಾಡಲು ಕಲಿಸುವ ಟೀಚರಮ್ಮ ಒಬ್ಬರಿದ್ದಾರೆ; ಹುಡುಗಿಯನ್ನು ಅವರ ಹತ್ತಿರ ಕರೆದೊಯ್ದೆ. ಮಗು ಬೇಕಾದ ವಸ್ತುವಿನ ಚಿತ್ರ ಎತ್ತಿ ಕೈಗೆ ಕೊಟ್ಟರೆ ಆ ವಸ್ತು ಸಿಗುತ್ತದೆ.

"ಇದಕ್ಕೆ ಕಾರ್ಡು ಬೇರೆ ಯಾಕೆ? ಕೈಸನ್ನೆ ಸಾಲದಾ?" ಎಂದೆ.

"ಹಂಗಾದ್ರೆ ಬಾಯಿ ತೆಗೀದೆ ನಿಮ್ಗೇನು ಬೇಕೋ ಕೇಳಿ ಸಾರ್" ಎಂದರು.

ನನಗೆ ಬೇಕಿದ್ದದ್ದು ಟೀ. ಲೋಟ ಎತ್ತಿ ಕುಡಿಯುವಂತೆ ತೋರಿಸಿದೆ, ನೀರು ತಂದರು. ಬಿಸಿ ಎನ್ನಲು ಉಫ್ ಎಂದು ಊದಿದೆ, ಫ್ಯಾನ್ ಹಾಕಿದರು. ಸಕ್ಕರೆ ಕಲಕುವಂತೆ ಬೆರಳು ತಿರುಗಿಸಿದೆ, "ತಲೆ ಸುತ್ತುತ್ತಾ ಸಾರ್?" ಎಂದು ಕುರ್ಚಿ ಎಳೆದು ಕೂರಿಸಿದರು. ಮೂಲೆಯಲ್ಲಿ ಕೂತಿದ್ದ ನಮ್ಮ ಹುಡುಗಿ ಎದ್ದು ಬಂದಳು. ಟೀ ಲೋಟದ ಚಿತ್ರ ಹುಡುಕಿ ಟೀಚರಮ್ಮನ ಕೈಗಿಟ್ಟು, ನನ್ನತ್ತ ಬೆರಳು ಮಾಡಿದಳು.

ನಾನು ದಂಗಾಗಿ ಹೋದೆ. ಅಷ್ಟರಲ್ಲಿ ಬಿಸ್ಕತ್ತಿನ ಕಾರ್ಡನ್ನೂ ಕೊಟ್ಟಳು. ಅಯ್ಯೋ, ಮಾವನ ಮೇಲೆ ಎಷ್ಟು ಪ್ರೀತಿ ಎಂದುಕೊಂಡೆ. ಬಿಸ್ಕತ್ತು ಬಂತು. ಅದು ಅವಳಿಗಂತೆ.

೨. ಮನೆಯೊಳಗೆ ಗಂಡಸು

ಆಮೇಲೆ ಟೀಚರಮ್ಮ ಒಂದು ಟ್ಯಾಬ್ ಕೊಟ್ಟರು. ಚಿತ್ರ ಒತ್ತಿದರೆ ಮಾತು ಕೇಳುತ್ತದೆ. "ಮನೇಲಿ ಬಳಸಿದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ಸೋಮವಾರ ತಂದ್ಬಿಡಿ, ಇನ್ನೊಂದು ಮಗು ಕಾಯ್ತಾ ಇದೆ. ಮಾತುಗಳನ್ನ ಯಾರಾದ್ರೂ ಹುಡುಗಿ ದನೀಲಿ ತುಂಬ್ಸಿ" ಎಂದರು. ಸೈರನ್ನಿನಂಥ ಕಂಠ ಮನೆಯಲ್ಲೇ ಇರುವಾಗ ಹುಡುಗಿಯನ್ನು ಎಲ್ಲಿ ಹುಡುಕುವುದು? ಎಲ್ಲವನ್ನೂ ನಾನೇ, ಹಕಾರ ನುಂಗುವ ನಮ್ಮ ಆಡುಮಾತಿನಲ್ಲೇ ತುಂಬಿಸಿದೆ.

ತಂಗಿಯ ಮನೆ ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ. ಮರುದಿನ ಬೆಳಿಗ್ಗೆ ಭಾವ ಕೆಲಸಕ್ಕೆ ಹೋಗಿದ್ದಾರೆ. ತಂಗಿಯ ಅತ್ತೆ, ಅಂದರೆ ಹುಡುಗಿಯ ಅಜ್ಜಿ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾರೆ. ಅಡುಗೆಮನೆಯಿಂದ ಗಡಸು ದನಿ: "ನಂಗೆ ಆಲು ಬೇಕು!"

ಅಜ್ಜಿ ದನ ಹೊಡೆಯುವ ಕೋಲು ಹಿಡಿದು ನುಗ್ಗಿದರು. "ಯಾವನ್ಲಾ ಅವ್ನು? ಈಚೆ ಬಾರ್ಲಾ!" ಒಳಗೆ ಲೋಟ ಹಿಡಿದ ಮೊಮ್ಮಗಳು ಬಿಟ್ಟರೆ ಯಾರೂ ಇಲ್ಲ. ಅವಳು ಮತ್ತೆ ಒತ್ತಿದಳು: "ಆಲು ಬೇಕು!" ಅಜ್ಜಿಯ ಕೈಯಿಂದ ಕೋಲು ಬಿತ್ತು. ತಂಗಿ ಓಡಿಬಂದು ಬಿಡಿಸಿ ಹೇಳುವಷ್ಟರಲ್ಲಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಆಗಿತ್ತು.

ನನಗೆ ಅಜ್ಜಿಯ ಫೋನ್ ಬಂತು. "ಏನಪ್ಪಾ ಇದು, ಎಣ್ಮಗೀಗೆ ಮೀಸೆ ಬಂದಂಗೈತೆ! ಅದರ ಬಾಯಾಗೆ ಒಂದ್ಸಲ ಅಜ್ಜಿ ಅನ್ನಿಸ್ಕೊಳ್ಳಾನ ಅಂತ ಉಟ್ಟಿದಾಗಿಂದ ಕಾಯ್ತಾ ಇವ್ನಿ. ಈ ಡಬ್ಬಿ ಇದ್ರೆ ಅದು ಬಾಯೇ ಬಿಡಾಕಿಲ್ಲ. ಸೋಮವಾರ ವಾಪಸ್ ಕೊಟ್ ಬಾ."

ಹಿಂದಿನಿಂದ ತಂಗಿ ಅಳುತ್ತಿದ್ದಳು. "ಅಣ್ಣಾ, ಅದು ತನಗೇನು ಬೇಕೂಂತ ಈ ಮನೇಲಿ ಕೇಳಿದ್ದೇ ಇವತ್ತು ಕಣೋ. ಅದನ್ನೂ ಕಿತ್ಕೊಂಡ್ರೆ ಎಂಗೆ?"

ಆವತ್ತು ಹಸುವೂ ಕಾಲು ಝಾಡಿಸಿ ಹಾಲು ಕೊಡಲಿಲ್ಲವಂತೆ. ಅದಕ್ಕೂ ನನ್ನ ದನಿಯೇ ಕಾರಣವಂತೆ.

೩. ಅಜ್ಜಿಯ ಅಕ್ಕ

ಭಾನುವಾರ ನಾನು ಟ್ಯಾಬ್ ತರಲು ತಂಗಿಯ ಮನೆಗೆ ಹೋಗಿ ಊಟಕ್ಕೆ ಕೂತಿದ್ದಾಗ, ಅಜ್ಜಿಯ ಅಕ್ಕ ಆಂಧ್ರದ ಗಡಿಯಿಂದ ಬಂದಿಳಿದರು. ಹೆಸರೆತ್ತಿದರೆ ಮನೆಯೇ ನಡುಗುವ ಹೆಂಗಸು. ಊರನ್ನೇ ಬೆದರಿಸುವ ನಮ್ಮ ಅಜ್ಜಿ ಈ ಅಕ್ಕನ ಮುಂದೆ ಮಾತ್ರ ಕೂರುವುದೂ ಇಲ್ಲ, ಎದುರಾಡುವುದೂ ಇಲ್ಲ. ಆವತ್ತು ಅಜ್ಜಿಯ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಆಕೆ ಶುರು ಮಾಡಿದರು: "ಅಯ್ಯೋ ಪಾಪ, ಈ ಮಗೀಗೆ ಏನ್ ತಿಳೀತದೆ? ನಿನ್ ಕರ್ಮ ಕಣೇ. ಇದನ್ನ ಯಾವ್ದಾನಾ ಆಶ್ರಮಕ್ಕೆ ಬಿಟ್ಬಿಡು."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಬಾಯಲ್ಲಿ ಉತ್ತರವಿತ್ತು. ಆದರೆ ಅದಕ್ಕಿಂತ ಮೊದಲೇ ಮುದ್ದೆ ಇತ್ತು.

ಹುಡುಗಿ ಟ್ಯಾಬ್ ಹಿಡಿದು ಬಂದು ಅಜ್ಜಿಯ ತೊಡೆಯೇರಿದಳು. ಒತ್ತಿದಳು: "ನನ್ನ." ಹುಡುಕಿ ಇನ್ನೊಂದು ಒತ್ತಿದಳು: "ಅಜ್ಜಿ."

ಅವಳು ದೊಡ್ಡಜ್ಜಿಯ ಕಡೆ ತಿರುಗಿದಳು. "ಸಾಕು. ಮನೆಗೆ ಓಗು."

"ಏನಂದೆ?" ಆಕೆ ಉರಿಗಣ್ಣು ಬಿಟ್ಟದ್ದು ನನ್ನ ಮೇಲೆ! ನಾನು ಎರಡೂ ಕೈ ಎತ್ತಿ, ತುಂಬಿದ ಬಾಯಿ ತೆರೆದು ಮುದ್ದೆಯ ಸಾಕ್ಷಿ ತೋರಿಸಿದೆ. ಹುಡುಗಿ ನಿಧಾನವಾಗಿ ಮತ್ತೆ ಒತ್ತಿದಳು: "ಓಗು."

ದೊಡ್ಡಜ್ಜಿ ಟ್ಯಾಬನ್ನೂ ಹುಡುಗಿಯನ್ನೂ ನೋಡಿ, ಬ್ಯಾಗು ಎತ್ತಿಕೊಂಡು, ನನ್ನ ಚಪ್ಪಲಿ ಮೆಟ್ಟಿಕೊಂಡೇ ಮಧ್ಯಾಹ್ನದ ಬಸ್ಸು ಹತ್ತಿದರು.

ಅಜ್ಜಿ ಮೊಮ್ಮಗಳನ್ನು ತಬ್ಬಿಕೊಂಡು ಅಳುತ್ತಾ ನಗುತ್ತಿದ್ದರು. "ನನ್ನ ಅಜ್ಜಿ ಅಂತು ಕಣಪ್ಪಾ! ಗಂಟ್ಲು ನಿಂದಾದ್ರೇನು, ಮಾತು ಅದರದೇ."

ಸೋಮವಾರ ಅಜ್ಜಿಯೇ ಆಂಡರ್ಸನ್‌ಪೇಟೆಗೆ ಹೊರಟರು. ಅವರ ಕಂಕುಳಲ್ಲಿ ಟ್ಯಾಬ್ ಕಂಡು ಟೀಚರಮ್ಮ ಕೈಚಾಚಿದರು. "ವಾಪಸ್ಸಾಮ್ಮಾ?"

ಅಜ್ಜಿ ಅದನ್ನು ಎದೆಗೊತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. "ವಾಪಸ್ಸಾ? ನಂಗೆ ಇನ್ನೂ ಇಬ್ರು ಅಕ್ಕಂದಿರವ್ರೆ!"