ಅಡುಗೆಯವನಿಗೆ ಬಂದ ಒಂದೇ ಲೈಕು

ಹಾಲು ನಾವು ಅತ್ತ ತಿರುಗಿದಾಗಲೇ ಉಕ್ಕುತ್ತದೆ. ಮರ್ಯಾದೆ ನಾಲ್ಕು ಜನ ಇತ್ತ ತಿರುಗಿದಾಗಲೇ ಹೋಗುತ್ತದೆ. ಒಲೆ ಮುಂದೆ ಬಾಳಿದವನಿಗೆ ಮೊದಲನೆಯದು ಹೊಸದಲ್ಲ. ಎರಡನೆಯದು ಈಗೀಗ ಫೋನಿನಿಂದಾಗಿ ಪದೇ ಪದೇ ಆಗುತ್ತಿದೆ.

ನಾನು ಹಾರನಹಳ್ಳಿಯ ಅಡುಗೆಯವ. ಅರಸೀಕೆರೆಯ ಕೊಬ್ಬರಿ ಮಂಡಿಯವರ ದೊಡ್ಡ ಮದುವೆಗಳೆಲ್ಲ ಕೇಟರಿಂಗ್‌ನವರ ಪಾಲಾಗಿ, ನನಗೆ ಉಳಿದದ್ದು ನಾಮಕರಣ, ತಿಥಿ. ಮಗಳು ಬೇಲೂರಿನಲ್ಲಿ ಟೀಚರು. ಹೆರಿಗೆ ರಜೆ ಮುಗಿಯಿತು, ಅವಳ ಅತ್ತೆಗೆ ಮಂಡಿನೋವು; ಮಗು ನೋಡಿಕೊಳ್ಳಲು ನನ್ನ ಮನೆಯಾಕೆ ಅಲ್ಲಿಗೆ ಹೋದಳು. ಅವಳನ್ನು ಕರೆದೊಯ್ಯಲು ಬಂದ ದಿನ ಮಗಳು ನನ್ನ ಹೆಸರಿನಲ್ಲೇ ಒಂದು ಅಡುಗೆ ಪೇಜು ಮಾಡಿಕೊಟ್ಟು, "ದಿನಾ ಒಂದು ವಿಡಿಯೋ ಹಾಕಪ್ಪ. ದುಡ್ಡಿರೋರು ಈಗ ಅಡುಗೆಯವರನ್ನ ಇದರಲ್ಲೇ ಹುಡುಕೋದು" ಎಂದಳು.

ನನಗೆ ಆಸೆ ಎರಡು. ಅರಸೀಕೆರೆಯ ಒಂದು ದೊಡ್ಡ ಮದುವೆ ಸಿಗಬೇಕು. ಬೇಲೂರಿನಲ್ಲಿರುವ ನನ್ನಾಕೆ ನೋಡಿ ಒಂದು ಮಾತು ಹೇಳಬೇಕು. ಬೀಗರ ಮನೆಯಲ್ಲಿ ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತ ಕೂರುವುದು ಅವಳಿಗೆ ಸಂಕೋಚ. ಊಟ ಆಯ್ತಾ, ಇಡ್ತೀನಿ. ಅಷ್ಟೇ.

ರುಚಿ ನೋಡದವನು

ನೈವೇದ್ಯಕ್ಕೆ ಮುಂಚೆ ನಾನು ಅಡುಗೆಯನ್ನು ನಾಲಿಗೆಗೆ ಮುಟ್ಟಿಸುವುದಿಲ್ಲ. ಉಪ್ಪು, ಹುಳಿ, ಖಾರ ಎಲ್ಲ ಮೂಗಿನಲ್ಲೇ ಅಂದಾಜು. ಆದರೆ ಫೋನಿನಲ್ಲಿ ಅಡುಗೆ ಮಾಡುವವರು ಕೊನೆಗೆ ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ ತಲೆ ಆಡಿಸಬೇಕಂತೆ. ನಾನು ಕೈ ಮುಗಿದು ಮುಚ್ಚಳ ಮುಚ್ಚಿದೆ. ಯಾರೋ ಕೆಳಗೆ ಬರೆದರು, ಮಾಡಿದವರೇ ತಿನ್ನದೆ ಕೈ ಮುಗೀತಾರೆ, ನಾವು ಯಾವ ಧೈರ್ಯದ ಮೇಲೆ ತಿನ್ನೋದು ಎಂದು.

ನಿಯಮ ಬಿಡಲಾಗಲಿಲ್ಲ. ನೈವೇದ್ಯ ಮುಗಿಸಿ, ಎಲೆ ಹಾಕಿಕೊಂಡು, ನಾನು ಉಣ್ಣುವುದನ್ನೇ ಒಂದು ದಿನ ವಿಡಿಯೋ ಮಾಡಿದೆ. ಫೋನನ್ನು ಎದುರಿಗಿನ ಮಣೆಯ ಮೇಲೆ ಚೊಂಬಿಗೆ ಒರಗಿಸಿ ನಿಲ್ಲಿಸಿದ್ದೆ. ಆ ಮಣೆ ಬಹಳ ದಿನದಿಂದ ಖಾಲಿ ಇತ್ತು. ಎದುರಿಗೆ ಯಾರೋ ಕೂತಂತಾಗಿ, ಅಭ್ಯಾಸಬಲದಿಂದ "ಇನ್ನೊಂಚೂರು ಹಾಕ್ಲಾ?" ಎಂದು ಫೋನನ್ನೇ ಕೇಳಿಬಿಟ್ಟೆ. ಅದೂ ವಿಡಿಯೋದಲ್ಲಿ ಹೋಯಿತು. ಮರುದಿನ ಯಾರೋ ಪುಣ್ಯಾತ್ಮರು ಉತ್ತರ ಕೊಟ್ಟಿದ್ದರು: "ಸಾಕು ಅಜ್ಜ, ಹೊಟ್ಟೆ ತುಂಬ್ತು."

ಒಳ್ಳೇ ಗಿರಾಕಿ

ಹಳೇಬೀಡು ಕಡೆಯ ತೆಂಗಿನ ತೋಟದ ಯಜಮಾನರೊಬ್ಬರು ಫೋನ್ ಮಾಡಿದರು. ಮಗಳ ಮದುವೆ, ನಿಮ್ಮ ವಿಡಿಯೋ ನೋಡಿದೆ, ದುಡ್ಡಿನ ಮಾತು ಆಮೇಲೆ, ನೀವೇ ಬರಬೇಕು ಎಂದರು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿ, ಮಡಿಸಿಟ್ಟ ಪಂಚೆ ಉಟ್ಟು ಬಸ್ಸು ಹತ್ತಿದೆ.

ಅವರ ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ಹೋಳಿಗೆ ಬೇಳೆಯದಾ ಕಾಯಿಯದಾ ಎಂದು ಕೇಳಿದೆ. ಯಜಮಾನರು ನನ್ನ ಮುಖ ನೋಡಿದರು.

"ಅಡುಗೆಗೆ ಕೇಟರಿಂಗ್‌ನೋರನ್ನ ಗೊತ್ತು ಮಾಡಿವ್ನಿ ಸ್ವಾಮಿ. ಅವರು ಮಾಡ್ತಿರ್ತಾರೆ, ನೀವು ಹಂಗೇ ವಿಡಿಯೋ ಹಿಡ್ಕೊಡಿ. ನಿಮ್ಮದರಲ್ಲಿ ಹಬೆ ಬೋ ಚೆನ್ನಾಗಿ ಬತ್ತೈತೆ."

ಅದು ಹಬೆಯಲ್ಲ, ನನ್ನ ಫೋನಿನ ಗಾಜಿಗೆ ಅಂಟಿದ ಒಗ್ಗರಣೆಯ ಜಿಡ್ಡು ಎಂದು ಹೇಳಲು ಮನಸ್ಸು ಬರಲಿಲ್ಲ.

ಕೆಂಪು ಹೃದಯ

ಆದರೂ ವಿಡಿಯೋ ನಿಲ್ಲಿಸಲಿಲ್ಲ. ಯಾರು ನೋಡಲಿ ಬಿಡಲಿ, ಹಾಕಿದ ಕೂಡಲೇ ಪ್ರತಿಯೊಂದಕ್ಕೂ ಒಂದು ಕೆಂಪು ಹೃದಯ ತಪ್ಪದೆ ಬೀಳುತ್ತಿತ್ತು. ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಅವಳು ಬೇಲೂರಿನಲ್ಲಿ ಕಾಯುತ್ತಿರುತ್ತಾಳೆ ಎಂದುಕೊಂಡೆ. ಆ ಹೃದಯ ನೋಡಿದ ಮೇಲೇ ಎಲೆ ಮುಂದೆ ಕೂರುತ್ತಿದ್ದೆ.

ಒಂದು ಭಾನುವಾರ ಬೇಲೂರಿಗೆ ಹೋದಾಗ ಮಗಳಿಗೆ ಫೋನು ತೋರಿಸಿ, ನೋಡು, ನಿಮ್ಮಮ್ಮ ಒಂದೂ ತಪ್ಪಿಸಿಲ್ಲ ಎಂದೆ. ಅವಳಿಗೆ ಅನುಮಾನ ಬಂತು. ನನ್ನೆದುರಿಗೇ ಒಂದು ಹಾಕು ಎಂದಳು. ಹಾಕಿದೆ. ಹಾಕಿ, ರೂಢಿಯಂತೆ ಪರದೆಯನ್ನು ಎರಡು ಸಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಒಲೆಯಾಗಲಿ, ಸೌಟಾಗಲಿ, ಕೆಲಸ ಮುಗಿದ ಮೇಲೆ ಹಾಗೆ ನಮಸ್ಕಾರ ಮಾಡದೆ ಎದ್ದವನಲ್ಲ. ಹೃದಯ ಬಿತ್ತು.

"ಎರಡು ಸಲ ಮುಟ್ಟಿದರೆ ಬೀಳೋದೇ ಅದಪ್ಪ" ಎಂದಳು ಮಗಳು. "ಇಷ್ಟು ದಿನ ನಿನಗೆ ನೀನೇ ಕೊಟ್ಕೊಂಡಿದ್ದೀಯ."

ಪೇಪರಿನ ಹಿಂದಿನಿಂದ ಬೀಗರು ಸಮಾಧಾನ ಹೇಳಿದರು. "ನಮ್ಮ ಬೆನ್ನು ನಾವೇ ತಟ್ಟಿಕೊಳ್ಳೋಕೆ ಮೊದಲು ಕೈ ಎಟುಕ್ತಿರಲಿಲ್ಲ ಬೀಗರೇ. ಈಗ ಸಲೀಸಾಯ್ತು."

ಉಂಗುರದ ಕೈ

ಅಷ್ಟರಲ್ಲಿ ನನ್ನಾಕೆ ಕಾಫಿ ಹಿಡಿದು ಒಳಗಿನಿಂದ ಬಂದಳು. ಮುಖ ಊದಿಸಿಕೊಂಡಿದ್ದಳು.

"ನಾನೂ ದಿನಾ ನೋಡ್ತಾನೇ ಇದೀನಲ್ರೀ. ಜೋಳದ ರೊಟ್ಟಿ ತಟ್ಟೋದು ಯಾವಾಗ ಕಲಿತ್ರಿ? ಆ ಕೆಂಪು ಹರಳಿನ ಉಂಗುರ ಯಾವಾಗ ಮಾಡಿಸಿದ್ರಿ? ನನಗೊಂದು ಮಾತು ಹೇಳ್ಲಿಲ್ಲ."

ನಾನು ಮುದ್ದೆಯ ಕಡೆಯವನು, ರೊಟ್ಟಿ ತಟ್ಟಿದವನಲ್ಲ. ಉಂಗುರ ಎಂಬುದು ನನ್ನ ಕೈಗೆ ಬಂದದ್ದು ಮದುವೆಯಲ್ಲಿ, ಹೋದದ್ದು ಮಗಳ ಮದುವೆಯಲ್ಲಿ.

ಆಮೇಲೆ ತಿಳಿಯಿತು. ಅವಳಿಗೆ ಫೋನಿನಲ್ಲಿ ಬರೆಯಲು ಬಾರದು. ಮೈಕಿನ ಗುರುತು ಒತ್ತಿ ಬಾಯಲ್ಲಿ ಹೇಳುತ್ತಾಳೆ. ಪೇಜು ಇರುವುದು ನನ್ನ ಹೆಸರಿನಲ್ಲಿ. ಗಂಡನ ಹೆಸರನ್ನು ಅವಳು ಹೇಳುವುದುಂಟೆ? ಅದು ದೇವರ ಹೆಸರೂ ಹೌದು. ಭಜನೆಯಲ್ಲಿ ಆ ಹೆಸರು ಬಂದ ಕಡೆ ಬಾಯಿ ಮುಚ್ಚಿಕೊಂಡು ತಾಳ ಮಾತ್ರ ಹಾಕುವವಳು ಅವಳು. ಹಾಗಾಗಿ ಫೋನಿಗೆ "ನಮ್ಮನೆಯವರ ಅಡುಗೆ" ಎಂದು ಹೇಳಿದ್ದಾಳೆ. ಅದು ಬಡಗಣ ಸೀಮೆಯ ಯಾರೋ ಪರಪುರುಷನ ಕೈ ತೋರಿಸಿದೆ. ಅವನ ವಿಡಿಯೋದಲ್ಲಿ ಮುಖವಿಲ್ಲ, ಮಾತಿಲ್ಲ. ಎರಡು ಕೈ, ಒಂದು ಹಂಚು.

"ಕೈ ಒಂಚೂರು ದಪ್ಪ ಆಗೈತೆ" ಎಂದಳು ತಗ್ಗಿದ ದನಿಯಲ್ಲಿ, "ಒಬ್ಬರೇ ಇದ್ರೂ ಹೊಟ್ಟೆತುಂಬ ಉಣ್ತಾವ್ರೆ ಅಂತ ಸಮಾಧಾನವಾಗಿತ್ತು."

ಮಗಳು ನನ್ನ ಫೋನು ತೆಗೆದುಕೊಂಡು ಪೇಜಿನ ಹೆಸರನ್ನೇ ಬದಲಾಯಿಸಿದಳು. ಅಮ್ಮ ಹೇಗೆ ಕರೆಯುತ್ತಾಳೋ ಹಾಗೇ: ನಮ್ಮನೆಯವರ ಅಡುಗೆ. ತನ್ನ ಅಮ್ಮನ ಫೋನಿನಲ್ಲಿ ಅದನ್ನು ತೆರೆದು, ಕೆಳಗೆ ಮಾತು ಹಾಕುವುದನ್ನೂ ಹೇಳಿಕೊಟ್ಟಳು.

ಉಪ್ಪಿನ ಮಾತು

ಊರಿಗೆ ಬಂದವನು ಮರುದಿನ ಫೋನನ್ನು ಚೊಂಬಿಗೆ ಒರಗಿಸಿ, ಹುಳಿ ಮಾಡುವುದನ್ನು ವಿಡಿಯೋ ಹಿಡಿದೆ. ಉಪ್ಪು ಹಾಕಿದೆ. ಬೇಲೂರು ಕಡೆಯಿಂದ ಬರುವ ಬಸ್ಸಿನ ಸದ್ದಾಯಿತು. ಬಾಗಿಲಿಗೆ ಹೋಗಿ ನೋಡಿ ಬಂದೆ. ಯಾರೂ ಇಳಿಯುವವರಿಲ್ಲ ಎಂದು ಗೊತ್ತು, ಆದರೂ ಹೋಗುತ್ತೇನೆ. ಬಂದು ಉಪ್ಪು ಹಾಕಿದೆ, ಮುಚ್ಚಳ ಮುಚ್ಚಿದೆ, ವಿಡಿಯೋ ಹಾಕಿ, ನೈವೇದ್ಯ ಮಾಡಿದೆ.

ಫೋನು ನೋಡಿದರೆ ಹೃದಯ ಎರಡು. ಒಂದು ನನ್ನದೆಂದು ಗೊತ್ತಿತ್ತು. ಕೆಳಗೆ, ಲೋಕಕ್ಕೆಲ್ಲ ಕಾಣುವಂತೆ, ಒಂದು ಮಾತು: "ರೀ, ಉಪ್ಪು ಎರಡು ಸಲ ಹಾಕಿದ್ರಿ. ಬಸ್ಸು ನೋಡೋಕೆ ಹೋಗೋ ಮುಂಚೆ ಒಂದ್ಸಲ ಹಾಕಾಗಿತ್ತು."

ದೇವರು ಆಗಲೇ ಉಂಡಾಗಿತ್ತು. ಪಾಪ, ಏನೂ ಅನ್ನಲಿಲ್ಲ.

ಆ ವಾರದಲ್ಲೇ ಅರಸೀಕೆರೆಯಿಂದ, ಕೊಬ್ಬರಿ ಮಂಡಿಯವರ ಮನೆಯ ಯಜಮಾನಿ ಫೋನ್ ಮಾಡಿದರು. ಆ ಉಪ್ಪಿನ ಮಾತು ಹೇಳಿದ ಹೆಂಗಸು ಯಾರು ಎಂದು ಕೇಳಿದರು. ನಮ್ಮ ಮನೆಯಾಕೆ ಎಂದೆ. ಕೆಲಸ ಕೆಟ್ಟಿತು ಅಂದುಕೊಂಡೆ.

"ಬೇರೆ ಅಡುಗೆಯವರ ವಿಡಿಯೋ ಕೆಳಗೆಲ್ಲ ಬರೀ ಸೂಪರ್, ಸೂಪರ್ ಅಂತಲೇ ಐತೆ ಕಣ್ರೀ. ತಪ್ಪು ಹೇಳೋರು ಇರೋದು ನಿಮ್ಮ ಹತ್ರ ಮಾತ್ರ. ನಮ್ಮ ಮಗನ ಮದುವೆ ನಿಮಗೇ. ಕೇಳಿದ್ದು ಕೊಡ್ತೀವಿ. ಒಂದೇ ಮಾತು, ಆಯಮ್ಮ ಒಲೆ ಪಕ್ಕದಲ್ಲಿರಬೇಕು."

ಬೇಲೂರಿಗೆ ಫೋನ್ ಮಾಡಿ ಹೇಳಿದೆ. ಈ ಸಲ ಅವಳು ಇಡ್ತೀನಿ ಎನ್ನಲಿಲ್ಲ.

"ಬೀಗರಿಗೆ ಹೇಳಿ ಮಗೂನೂ ಎತ್ಕೊಂಡು ಬತ್ತೀನಿ" ಎಂದಳು. "ಆದ್ರೆ ಮೊದಲೇ ಹೇಳಿರ್ತೀನಿ. ಛತ್ರದಲ್ಲಿ ಯಾರಾದ್ರೂ ಬಂದು, ಅಡುಗೆ ಚೆನ್ನಾಗೈತೆ, ಅಡುಗೆಯವರ ಹೆಸರೇನಮ್ಮ ಅಂತ ನನ್ನ ಕೇಳಿದ್ರೆ, ಸೌಟು ಬಿಟ್ಟು ನೀವೇ ಓಡಿಬಂದು ಹೇಳ್ಕೋಬೇಕು."