ತೊಕ್ಕೊಟ್ಟಿನ ತಂಗುದಾಣ ಮತ್ತು ನಮ್ಮ ಸಂಸದರು

ಸಂಸದರೊಬ್ಬರ ಕಚೇರಿಯಲ್ಲಿ ಕೆಲಸಕ್ಕಿರುವವನು ನಗಲು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಬಲ್ಮಠದ ನಮ್ಮ ಕಚೇರಿಗೆ ನಗು ತಾನಾಗಿ ಬಂದು ಕುರ್ಚಿ ಎಳೆದು ಕೂರುತ್ತದೆ. ಸಂಬಳ ಪಡೆಯುವ ನಾವು ಮಾತ್ರ ನಗುವಂತಿಲ್ಲ.

೧. ಬೇಡಿಕೆ

ಗಲ್ಫಿನಿಂದ ವಾಪಸು ಬಂದು ತೊಕ್ಕೊಟ್ಟಿನಲ್ಲಿ ಜ್ಯೂಸ್ ಅಂಗಡಿ ಹಾಕಿದವರೊಬ್ಬರು, ಅಂಗಡಿಯ ಎದುರಿಗೇ ಬಸ್ ತಂಗುದಾಣ ಬೇಕೆಂದು ಕೇಳಿದರು. ಕಾಯುವವರಿಗೆ ಬಾಯಾರುತ್ತದೆ ಎಂಬುದು ಅವರ ಲೆಕ್ಕಾಚಾರ. ತಂಗುದಾಣ ಎದ್ದಿತು. ಅದರ ಹಿಂಬದಿಗೆ, ಇಡೀ ಅಂಗಡಿಯನ್ನೇ ಮರೆಮಾಡುವಂತೆ, ಸಂಸದರ ಮುಖವಿದ್ದ ತಗಡಿನ ಬೋರ್ಡೂ ಎದ್ದಿತು. ವ್ಯಾಪಾರ ನೆಲಕಚ್ಚಿತು.

"ನಾನು ಕೇಳಿದ್ದು ನೆರಳು ಮಾರಾಯ್ರೆ, ಮುಖ ಅಲ್ಲ," ಎಂದರು.

"ಎರಡೂ ಒಂದೇ ಟೆಂಡರಿನಲ್ಲಿ ಬರ್ತದೆ," ಎಂದೆ.

೨. ಮತ

ಬೋರ್ಡು ತೆಗೆಸಲು ಜ್ಯೂಸಿನವರು ಕಚೇರಿಗೆ ಬಂದು ಕೂತಿದ್ದ ದಿನವೇ ಕಾಲೇಜಿನ ಇಬ್ಬರು ಹುಡುಗಿಯರು ಬಂದರು. ಮೀನುಗಾರಿಕೆ ಮಸೂದೆಗೆ ಸಂಸದರು ಯಾವ ಕಡೆ ಮತ ಹಾಕಿದರು ಎಂದು ಅವರಿಗೆ ತಿಳಿಯಬೇಕಿತ್ತು. ದಿಲ್ಲಿಯಲ್ಲಿದ್ದ ಸಂಸದರಿಗೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

"ಅದು ಧ್ವನಿಮತ ಅಲ್ವಾ, ಎಲ್ಲರೂ ಒಟ್ಟಿಗೆ ಕೂಗಿದ್ದು. ನಮ್ಮ ಬದಿಯವರು ಹೇಳಿದ್ದನ್ನೇ ನಾನೂ ಹೇಳಿದ್ದೇನೆ," ಎಂದರು ಸಂಸದರು.

"ಅವರು ಎಂತ ಹೇಳಿದ್ದು ಸರ್?" ಎಂದಳು ಒಬ್ಬ ಹುಡುಗಿ.

"ಅದನ್ನು ಅವರ ಹತ್ರ ಕೇಳಬೇಕು."

ಹುಡುಗಿಯರು ಮುಖ ಮುಖ ನೋಡಿಕೊಂಡು ಹೋದರು. ಜ್ಯೂಸಿನವರು ನಿಟ್ಟುಸಿರು ಬಿಟ್ಟರು. "ಅಲ್ಲಿ ಅಷ್ಟು ಜನ ಒಟ್ಟಿಗೆ ಹೌದು ಹೇಳ್ತಾರೆ. ನನ್ನ ಬೋರ್ಡಿಗೆ ಒಬ್ಬರು ಹೇಳಿದ್ರೆ ಸಾಕಿತ್ತು."

೩. ಪರಿಹಾರ

ಬೋರ್ಡು ಹಾಕುವ ಅಧಿಕಾರ ಹಲವರಿಗಿತ್ತು, ತೆಗೆಯುವ ಅಧಿಕಾರ ಯಾರಿಗೂ ಇರಲಿಲ್ಲ. ಕಾದು ಸಾಕಾದ ಜ್ಯೂಸಿನವರು ವೆಲ್ಡರನ್ನು ಕರೆಸಿ, ತಮ್ಮ ಕೌಂಟರಿನ ನೇರಕ್ಕೆ ಬೋರ್ಡಿನಲ್ಲಿ ಕಿಟಕಿ ಕೊರೆಸಿದರು. ಅದು ಸರಿಯಾಗಿ ಸಂಸದರ ಬಾಯಿ ಇದ್ದ ಜಾಗ. ಸಂಸದರ ಬಾಯಿಂದ ಲಿಂಬೆ ಶರಬತ್ತು ಬರುವುದನ್ನು ನೋಡಲು ಹೊಳೆಯಾಚೆಯ ಅತ್ತಾವರದ ಮೆಡಿಕಲ್ ವಿದ್ಯಾರ್ಥಿಗಳೂ ಸೇತುವೆ ದಾಟಿ ಬರತೊಡಗಿದರು.

ಸಂಸದರು ನೋಡಿದರೆ ನಮ್ಮ ಕಥೆ ಮುಗಿಯಿತು ಎಂದುಕೊಂಡಿದ್ದೆವು. ಅವರು ಬಂದು, ತಮ್ಮದೇ ಬಾಯಿಂದ ಒಂದು ಗ್ಲಾಸ್ ತೆಗೆದು ಕುಡಿದು, "ಜನ ಸೇರ್ತಾರಲ್ಲ," ಎಂದು ಕಾರು ಹತ್ತಿದರು.

ಚುನಾವಣೆ ಹತ್ತಿರ ಬಂದಾಗ ಜ್ಯೂಸಿನವರು ಮತ್ತೆ ಕಚೇರಿಗೆ ಬಂದರು.

"ಇವರಿಗೇ ಟಿಕೆಟ್ ಸಿಗ್ತದಾ? ಗೆಲ್ತಾರಾ?"

ಮುಖದಲ್ಲಿ ನಿಜವಾದ ಆತಂಕವಿತ್ತು. ಸಂಸದರ ಬಗ್ಗೆ ಇಷ್ಟು ಕಾಳಜಿ ಇದ್ದವರನ್ನು ನಾನು ಕಂಡಿರಲಿಲ್ಲ. ಸಂತೋಷವೇ ಆಯಿತು.

"ಅವರ ಮೇಲೆ ಅಷ್ಟು ಪ್ರೀತಿ ಉಂಟಾ?"

"ಪ್ರೀತಿ ಎಂತದು ಮಾರಾಯ್ರೆ. ಬೇರೆಯವರು ಬಂದ್ರೆ ಬೇರೆ ಫೋಟೋ ಹಾಕ್ತಾರೆ. ಅವರ ಬಾಯಿ ನನ್ನ ಕೌಂಟರಿನ ನೇರಕ್ಕೇ ಬರ್ತದೆ ಅಂತ ಎಂತ ಗ್ಯಾರಂಟಿ?"